ಗೋದಾಮು ಎಂಬ ಪದ ಬಂದ ದಾರಿ

ಅಕ್ಕಿ, ರಾಗಿ, ಜೋಳದ ಮೂಟೆಗಳನ್ನು ಒಟ್ಟುವ ದೊಡ್ಡ ಕಟ್ಟಡವೇ ಗೋದಾಮು. ಸರ್ಕಾರಿ ಬರಹದಲ್ಲಿ ‘ಉಗ್ರಾಣ’ ಎಂದಿರುತ್ತದೆ. ಜನರ ಬಾಯಲ್ಲಿ ‘ಗೋಡೌನ್’ ಜಾಸ್ತಿ. ಇದು ‘ಇಂಗ್ಲಿಷ್ ಪದ’ ಎಂದು ಸುಮ್ನೆ ಅಂದುಕೊಂಡು ಮುಂದೆ ಹೋಗಬೇಡಿ. ಇದರ ಬೇರು ನಮ್ಮ ದ್ರಾವಿಡ ಭಾಷೆಗಳಲ್ಲೇ ಇದೆ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ.

ತಮಿಳಿನಲ್ಲಿ ‘ಕಿಡ’ ಎಂದರೆ ಬಿದ್ದಿರು, ಮಲಗಿರು. ಮಲಯಾಳದಲ್ಲಿ ಹಾಸಿಗೆಗೆ ‘ಕಿಡಕ್ಕ’ ಎನ್ನುವುದು ಇದರಿಂದಲೇ. ಹಳಗನ್ನಡದ ‘ಕೆಡೆ’ (ಬೀಳು) ಕೂಡ ಇದೇ ಬಳಗದ್ದು. ಸರಕು ಬಿದ್ದಿರುವ ಜಾಗ ‘ಕಿಡಂಗು’. ‘ಮೂಟೆ ಅಲ್ಲೇ ಬಿದ್ದಿರಲಿ ಬಿಡು’ ಎಂದು ನಾವೂ ಅನ್ನುತ್ತೇವೆ ಅಲ್ವಾ? ಅದೇ ಅರ್ಥ. ಭತ್ತ ಕೂಡಿಡುವ ಗೋದಾಮಿಗೆ ತಮಿಳರು ಇವತ್ತಿಗೂ ‘ನೆಲ್ ಕಿಡಂಗು’ ಎನ್ನುತ್ತಾರೆ. ತೆಲುಗಿನಲ್ಲಿ ಅದು ‘ಗಿಡ್ಡಂಗಿ’.

ವ್ಯಾಪಾರಿಗಳ ಜೊತೆ ಈ ಪದ ಹಡಗು ಹತ್ತಿತು. ಮಲೇಷ್ಯಾ ಕಡೆಯ ಮಲಯ ಭಾಷೆಯಲ್ಲಿ ‘ಗುದಾಂಗ್’ ಆಯಿತು. ಇಂಡೋನೇಷ್ಯಾದಲ್ಲಿ ಈಗಲೂ ಅಕ್ಕಿಯ ಗೋದಾಮು ಎಂದರೆ ‘ಗುದಾಂಗ್ ಬೆರಾಸ್’. ಪೋರ್ಚುಗೀಸರು ಅದನ್ನು ‘ಗುದಾಂವ್’ ಮಾಡಿಕೊಂಡರು. ಅಲ್ಲಿಂದ ಇಂಗ್ಲಿಷಿನ ‘ಗೋಡೌನ್’.

ಇಲ್ಲೊಂದು ಸಂಗತಿ ನನಗೆ ತುಂಬಾ ಇಷ್ಟ. ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ನಮಗೆ ಗೊತ್ತಿರುವವನೇ. 1565ರ ಯುದ್ಧದಲ್ಲಿ ಹಾಳಾದ ವಿಜಯನಗರವನ್ನು 1567ರಲ್ಲಿ ಕಂಡು ಬರೆದವನು. ಅವನೇ ಮುಂದೆ ಬರ್ಮಾದ ಪೆಗುವಿಗೆ ಹೋದ. ಅಲ್ಲಿಯ ಮನೆಗಳು ಬಿದಿರಿನವು, ಬೆಂಕಿಯ ಭಯ ಜಾಸ್ತಿ. ಅದಕ್ಕೇ ವ್ಯಾಪಾರಿಗಳು ಬೆಲೆಬಾಳುವ ಸರಕನ್ನು ಇಟ್ಟಿಗೆಯ ಕಟ್ಟಡದಲ್ಲಿ ಇಡುತ್ತಿದ್ದರು. ಅದಕ್ಕೆ ‘ಗೋಡೋನ್’ ಎನ್ನುತ್ತಾರೆ ಎಂದು ಬರೆದ. 1588ರಲ್ಲಿ ಅವನ ಪುಸ್ತಕ ಇಂಗ್ಲಿಷಿಗೆ ಬಂತು. ಈ ಪದ ಆ ಭಾಷೆಯಲ್ಲಿ ಅಚ್ಚಾದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಒಂದು ಎಚ್ಚರಿಕೆ. ‘ಗೋ’ ಎಂದರೆ ಹೋಗು, ‘ಡೌನ್’ ಎಂದರೆ ಕೆಳಗೆ, ಆದ್ದರಿಂದ ನೆಲಮಾಳಿಗೆ ಎಂದು ಬಿಡಿಸುವವರಿದ್ದಾರೆ. ಅದು ಕಿವಿಗೆ ಕೇಳಿದ ಹೋಲಿಕೆ ಅಷ್ಟೇ. ಪೆಗುವಿನ ಗೋಡೋನಿಗೆ ಮುಖ್ಯವಾಗಿದ್ದದ್ದು ಇಟ್ಟಿಗೆಯ ಗೋಡೆ, ಇಳಿಯುವ ಮೆಟ್ಟಿಲಲ್ಲ. ನೆಲದೊಳಗೆ ಇಳಿದು ಕಾಳು ತೆಗೆಯುವ ಗುಂಡಿಗೆ ಉತ್ತರ ಕರ್ನಾಟಕದಲ್ಲಿ ಬೇರೆಯೇ ಹೆಸರಿದೆ, ‘ಹಗೇವು’.