ಸ್ವರಲಿಪಿ: ಹಾಡಿನ ಸಾಲೂ ಅಲ್ಲ, ಫಾಂಟೂ ಅಲ್ಲ

ಹೋದ ವಾರ ಸಂಗೀತದ ಟೀಚರ್ ಒಬ್ಬರು ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಡಿಟಿಪಿ ಅಂಗಡಿಗೆ ಪೆನ್‌ಡ್ರೈವ್ ತಂದರು. ಪಾಠದ ಪುಸ್ತಕ, 60 ಪುಟ. "ಸಾರ್, ಮ್ಯಾಟರ್ ಎಲ್ಲ ಟೈಪ್ ಆಗಿದೆ, ನೀವು ಸುಮ್ನೆ ಸ್ವರಲಿಪಿ ಫಾಂಟ್ ಹಾಕಿ ಕೊಡಿ" ಅಂದರು. ಅವತ್ತೇ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ದೇವರನಾಮದ ಸ್ವರಲಿಪಿ ಕೇಳಿದ್ದರು. ಬಂದದ್ದು ಹಾಡಿನ ಸಾಲುಗಳು, ಒಂದೂ ಸ್ವರ ಇಲ್ಲ. ಒಂದೇ ದಿನ ಎರಡು ಸಲ ಈ ಪದ ತಪ್ಪಾಗಿ ಬಳಕೆಯಾದದ್ದು ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಹಾಡಿನ ಸಾಲಿನ ವಿಷಯ ಬೇಗ ಮುಗಿಯುತ್ತದೆ. ಇಲ್ಲೇ ಹೊಸಹಳ್ಳಿಯಲ್ಲಿ ಗಮಕ ಕೇಳಿದವರಿಗೆ ಗೊತ್ತು, ಗಮಕಿಗಳ ಮುಂದಿರುವ ಕುಮಾರವ್ಯಾಸನಲ್ಲಿ ಇರುವುದು ಪದ್ಯ ಮಾತ್ರ. ರಾಗ ಯಾವುದು, ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದು ಗಮಕಿಯ ಗಂಟಲಲ್ಲಿದೆ. ಪುಸ್ತಕದಲ್ಲಿರುವುದು ಸಾಹಿತ್ಯ. ಯಾವ ಸ್ವರ, ಯಾವ ಸ್ಥಾಯಿ, ಎಷ್ಟು ಹೊತ್ತು ಎಂದು ಬರೆದಿಟ್ಟರೆ ಆಗ ಅದು ಸ್ವರಲಿಪಿ.

ಫಾಂಟಿನ ಗೊಂದಲ ಹುಟ್ಟುವುದು 'ಲಿಪಿ' ಎಂಬ ಅರ್ಧದಿಂದ: ಲಿಪಿ ಅಂದರೆ ಅಕ್ಷರದ ಆಕಾರ ಅಂದುಕೊಳ್ಳುತ್ತಾರೆ. ಸಂಸ್ಕೃತದಲ್ಲಿ 'ಲಿಪ್' ಅಂದರೆ ಬಳಿ, ಸವರು. ಲೇಪ, ಲೇಪನ ಎಲ್ಲ ಅದರ ಮನೆಯವೇ. 'ಲಿಖ್' ಅಂದರೆ ಗೀರು. ಒಂದು ಮಸಿ ಬಳಿಯುವ ಕೆಲಸ, ಇನ್ನೊಂದು ಉಳಿ ಹಿಡಿಯುವ ಕೆಲಸ. ಲಿಪಿ ಪದ ಹಳೆಯ ಪರ್ಶಿಯನ್ನಿನ 'ದಿಪಿ'ಯಿಂದ ಬಂತು ಅನ್ನುವ ವಿದ್ವಾಂಸರೂ ಇದ್ದಾರೆ. ಅವರ ಮಾತಿಗೆ ಆಧಾರವಿದೆ: ವಾಯವ್ಯದ ಶಹಬಾಜ್‌ಗಢಿಯ ಅಶೋಕ ಶಾಸನದಲ್ಲಿ ಲಿಪಿ ಅನ್ನುವ ಕಡೆ 'ದಿಪಿ' ಅಂತಲೇ ಇದೆ.

ನನಗೆ ಎಲ್ಲಕ್ಕಿಂತ ಇಷ್ಟದ ಸಾಕ್ಷಿ ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿದೆ. ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ: ಲಿಪಿಕಾರ ಚಪಡ 'ಲಿಖಿಸಿದ್ದು'. ಬಳಿಯುವ ಪದ, ಗೀರುವ ಪದ ಎರಡೂ ಒಂದೇ ಸಾಲಿನಲ್ಲಿ! ಅಷ್ಟೇ ಅಲ್ಲ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕಡೆಯ 'ಲಿಪಿಕರೇಣ' ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಭಾಷೆ ಅದೇ, ಲಿಪಿ ಬೇರೆ. ಇದು ಫಾಂಟ್ ಬದಲಿಸಿದ ಹಾಗಲ್ಲ. ಫಾಂಟ್ ಬದಲಾದರೆ ಅಕ್ಷರದ ಮೈಕಟ್ಟು ಬದಲಾಗುತ್ತದೆ, ಅಕ್ಷರ ಅದೇ ಇರುತ್ತದೆ. ತುಂಗಾ ಫಾಂಟ್ ತೆಗೆದು ಕೇದಗೆ ಫಾಂಟ್ ಹಾಕಿ, 'ಸ' ಸ ಆಗಿಯೇ ಇರುತ್ತದೆ, ಅಲ್ವಾ?

ಸ್ವರಲಿಪಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ಹೊರತಂದ ಕರ್ನಾಟಕ ಸಂಗೀತದ ದೊಡ್ಡ ಗ್ರಂಥ ತೆಲುಗು ಅಕ್ಷರದಲ್ಲಿದೆ. ಸ್ವರಗಳ ಜೊತೆಗೆ ಗಮಕಕ್ಕೂ ಗುರುತುಗಳಿವೆ. (ಇದು ರಾಗದ ಗಮಕ, ಅಂದರೆ ಸ್ವರವನ್ನು ತೂಗುವ, ಜಾರಿಸುವ ಬಗೆ; ಕಾವ್ಯ ಓದುವ ಹೊಸಹಳ್ಳಿಯ ಗಮಕವಲ್ಲ. ನಮ್ಮ ಊರಲ್ಲಿ ಇದನ್ನು ಪ್ರತಿ ಸಲವೂ ಹೇಳಬೇಕಾಗುತ್ತದೆ.) ಮುಂದೆ ಅದೇ ಗ್ರಂಥ ತಮಿಳು ಅಕ್ಷರದಲ್ಲೂ ಬಂತು. ಅಕ್ಷರವೇ ಬದಲಾದರೂ ಸ್ವರ ಬರೆಯುವ ಕ್ರಮ ಉಳಿಯಿತು. ಆ ಕ್ರಮದ ಹೆಸರು ಸ್ವರಲಿಪಿ.

ಹಾಗಾದರೆ ಫಾಂಟಿಗೆ ಇಲ್ಲಿ ಕೆಲಸವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ನಮ್ಮ ಪದ್ಧತಿಯಲ್ಲಿ ಮಂದ್ರಕ್ಕೆ, ಅಂದರೆ ಕೆಳಗಿನ ಸ್ಥಾಯಿಗೆ, ಸ್ವರದ ಕೆಳಗೆ ಚುಕ್ಕೆ; ತಾರಕ್ಕೆ, ಅಂದರೆ ಮೇಲಿನ ಸ್ಥಾಯಿಗೆ, ಮೇಲೆ ಚುಕ್ಕೆ. ಹೇಳುವುದು ಸುಲಭ. ಕನ್ನಡದಲ್ಲಿ ಇಟ್ಟು ನೋಡಿ. 'ಪ'ಕ್ಕೂ 'ಫ'ಕ್ಕೂ ಇರುವ ವ್ಯತ್ಯಾಸ ಬುಡದ ಸಣ್ಣ ಗೀಟು. ಮಂದ್ರದ ಪಂಚಮಕ್ಕೆ ಕೆಳಗೆ ಚುಕ್ಕೆ ಇಟ್ಟು, ಅದು ಅಕ್ಷರಕ್ಕೆ ತಾಗಿ, 11 ಪಾಯಿಂಟಿನಲ್ಲಿ ಅಚ್ಚಾದರೆ ಮಗು 'ಫ' ಅಂತ ಓದುತ್ತದೆ. ಧೈವತಕ್ಕೆ 'ದ' ಬರೆಯುವವರ ಪುಸ್ತಕದಲ್ಲಿ ಆ 'ದ' ಹೀಗೇ 'ಧ' ಆಗುತ್ತದೆ. ಮೊದಲೇ 'ಧ' ಬರೆಯುವವರಲ್ಲಿ ಗೀಟೂ ಚುಕ್ಕೆಯೂ ಸೇರಿ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಮೇಲಿನ ಕಡೆಯ ತೊಂದರೆ ಬೇರೆ. ರಿ, ನಿ ಎರಡಕ್ಕೂ ತಲೆಯ ಮೇಲೆ ಗುಡಿಸು ಇದೆ, ಗ ಮತ್ತು ಮಕ್ಕೆ ಇಲ್ಲ. ಚುಕ್ಕೆಗಳನ್ನು ಅಕ್ಷರದ ಎತ್ತರಕ್ಕೆ ತಕ್ಕಂತೆ ಇಟ್ಟರೆ ಸಾಲು ಕುಣಿಯುತ್ತದೆ. ನಾನು ಎಲ್ಲವನ್ನೂ ಗುಡಿಸಿನ ಮೇಲೆ ಒಂದೇ ಎತ್ತರದಲ್ಲಿ ಇಡುತ್ತೇನೆ. ಅದರ ಮೇಲೆ ಎರಡನೇ ಕಾಲದ (ಇಮ್ಮಡಿ ವೇಗದ) ಗೆರೆ ಎಳೆಯಲೂ ಜಾಗ ಬಿಡಬೇಕು.

ಕೆಲವರು ಮಂದ್ರಕ್ಕೆ ಯೂನಿಕೋಡಿನ ನುಕ್ತಾ ಒತ್ತುತ್ತಾರೆ. ಫ಼, ಜ಼ ಬರೆಯಲು ಇಟ್ಟ ಗುರುತು ಅದು. ಕನ್ನಡದಲ್ಲಿ ಅದಕ್ಕೆ ಎರಡು ಚುಕ್ಕೆ. ಸ್ವರದ ಕೆಳಗೆ ಎರಡು ಚುಕ್ಕೆ ಅಂದರೆ ಅನುಮಂದ್ರ, ಮಂದ್ರಕ್ಕಿಂತಲೂ ಕೆಳಗಿನ ಸ್ಥಾಯಿ! ದಯವಿಟ್ಟು ಹಾಗೆ ಮಾಡಬೇಡಿ.

ಪಶ್ಚಿಮದವರ ಐದು ಗೆರೆಯ ಬರಹದಲ್ಲಿ ಲಿಪಿ ಬೇರೆ, ಫಾಂಟ್ ಬೇರೆ ಎಂಬುದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅವರು ಸಂಗೀತದ ಪುಟ ಕಟ್ಟುವುದಕ್ಕೆ ಇವತ್ತಿಗೂ 'ಎನ್‌ಗ್ರೇವಿಂಗ್' ಅನ್ನುತ್ತಾರೆ, ಅಂದರೆ ಕೆತ್ತನೆ. ತವರ ಬೆರೆಸಿದ ಲೋಹದ ತಗಡಿನ ಮೇಲೆ ಐದು ಗೆರೆಯನ್ನು ಒಟ್ಟಿಗೆ ಎಳೆದು, ಸ್ವರದ ತಲೆಗಳನ್ನು ಅಚ್ಚುಮೊಳೆಯಿಂದ ಬಡಿದು, ಉಳಿದದ್ದನ್ನು ಉಳಿಯಿಂದ ಕೊರೆಯುತ್ತಿದ್ದರು. ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಉಳಿಯ ಕೆಲಸದ ನಾಜೂಕು ಏನೆಂದು ನಮ್ಮ ಸಾಗರದ ಗುಡಿಗಾರರನ್ನು ಕೇಳಬೇಕು. ಈಗ ಪಶ್ಚಿಮದವರಲ್ಲಿ ಸಂಗೀತದ ಫಾಂಟುಗಳಿಗಾಗಿ 'ಸ್ಮೂಫಲ್' ಎಂಬ ಪಟ್ಟಿ ಇದೆ. ಯಾವ ಚಿಹ್ನೆಗೆ ಯಾವ ಸಂಖ್ಯೆ ಎಂದು ಅದು ಗೊತ್ತುಮಾಡುತ್ತದೆ. 2013ರಲ್ಲಿ ಅದರ ಜೊತೆಗೇ ಬಂದ 'ಬ್ರವೂರಾ' ಫಾಂಟಿನಲ್ಲಿ ಚಿಹ್ನೆಗಳ ಮೂಲೆಗಳನ್ನು ಬೇಕೆಂದೇ ತುಸು ದುಂಡಗೆ ಮಾಡಿದ್ದಾರೆ, ಹಳೆಯ ಅಚ್ಚಿನಲ್ಲಿ ಮಸಿ ತುಂಬಿಕೊಂಡಂತೆ ಕಾಣಲಿ ಎಂದು. ಅದನ್ನು ತೆಗೆದು ಕೈಬರಹದಂಥ 'ಪೆಟಲೂಮಾ' ಹಾಕಿದರೆ ಪುಟದ ಚಹರೆಯೇ ಬದಲಾಗುತ್ತದೆ. ನುಡಿಸುವವರ ಬೆರಳು ಮಾತ್ರ ಅದೇ ಸ್ವರದ ಮೇಲೆ ಬೀಳುತ್ತದೆ.

ಟೀಚರ್ ತಂದ ಫೈಲಿನಲ್ಲಿ ಒಂದೇ ಒಂದು ಚುಕ್ಕೆ ಟೈಪ್ ಆಗಿರಲಿಲ್ಲ. ಮಂದ್ರದ ನಿಷಾದವೂ ನಿ, ಮಧ್ಯದ್ದೂ ನಿ. ಅವರಿಗೆ ಹಾಡು ಗೊತ್ತು, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಈಗ ದಿನಾ ಸಂಜೆ ಬಂದು ಕೂರುತ್ತಾರೆ. ಅವರು ಒಂದೊಂದೇ ಸಾಲು ಹಾಡುತ್ತಾರೆ, ನಾನು ಪ್ರಿಂಟಿನ ಮೇಲೆ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತೇನೆ. 22ನೇ ಪುಟಕ್ಕೆ ಬಂದಿದ್ದೇವೆ.