ಆಪರೇಷನ್ ಆಗಿ ಆರು ವರ್ಷ, ಈಗ ಶ್ವಾಸಕೋಶದಲ್ಲಿ ಗಂಟು: ಸುಮ್ನೆ ಕಾಯೋದು ಸರಿಯಾ?

ಪ್ರಶ್ನೆ: ನಮ್ಮಮ್ಮನಿಗೆ ಕೆನ್ನೆಯ ಜೊಲ್ಲು ಗ್ರಂಥಿಯಲ್ಲಿ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಇತ್ತು. ಆಪರೇಷನ್, ರೇಡಿಯೇಷನ್ ಮುಗಿದು ಆರು ವರ್ಷ ಆಯಿತು. ಈಗ ಸಿಟಿ ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಸಣ್ಣ ಗಂಟುಗಳು ಕಂಡಿವೆ. ಡಾಕ್ಟರು ‘ಈಗಲೇ ಏನೂ ಬೇಡ, ನಾಲ್ಕು ತಿಂಗಳು ಬಿಟ್ಟು ನೋಡೋಣ’ ಅಂತಾರೆ. ಕ್ಯಾನ್ಸರ್ ಇಟ್ಟುಕೊಂಡು ಸುಮ್ನೆ ಕೂರೋದಾ?
– ಬಸವನಗುಡಿಯ ಓದುಗರೊಬ್ಬರು

ನಿಮ್ಮ ಗಾಬರಿ ಅರ್ಥವಾಗುತ್ತದೆ. ಆದರೆ ಈ ಕ್ಯಾನ್ಸರಿನ ನಡಿಗೆಯೇ ಬೇರೆ. ಇದು ಹತ್ತಿರದ ನರಗಳನ್ನು ಹಿಡಿದು ಹರಿಯುತ್ತದೆ, ರಕ್ತದಲ್ಲೂ ಸೇರುತ್ತದೆ. ರಕ್ತ ಹೃದಯಕ್ಕೆ ಮರಳಿದ ಮೇಲೆ ಮೊದಲು ಸಿಗುವ ಸಣ್ಣ ಜರಡಿ ಶ್ವಾಸಕೋಶ. ದೂರ ಹರಡುವಾಗ ಇದು ಹೆಚ್ಚಾಗಿ ಅಲ್ಲೇ ನೆಲೆಸುತ್ತದೆ.

ಆರು ವರ್ಷ ಎಲ್ಲಿತ್ತು ಅಂತೀರಾ? ಒಂದು ಲೆಕ್ಕ ಹಾಕಿ. 5 ಮಿ.ಮೀ. ಅಗಲದ ಉಂಡೆ 10 ಮಿ.ಮೀ. ಆಗಬೇಕಾದರೆ ಅಂಥ ಎಂಟು ಉಂಡೆಗಳಷ್ಟು ಸರಕು ಬೇಕು. ಎರಡು, ನಾಲ್ಕು, ಎಂಟು: ಮೂರು ಸಲ ದುಪ್ಪಟ್ಟಾಗಬೇಕು. ಈ ಗಂಟುಗಳು ಒಂದು ಸಲ ದುಪ್ಪಟ್ಟಾಗಲು ಎಷ್ಟೋ ಜನರಲ್ಲಿ ವರ್ಷದ ಆಸುಪಾಸು ಹಿಡಿಯುತ್ತದೆ. ಅಂದರೆ ಮೂರು ವರ್ಷ! ಕಣ್ಣಿಗೆ ಕಾಣದ ಕಾಳಿನಿಂದ ಇಲ್ಲಿಯವರೆಗೆ ಬರಲು ಇನ್ನೂ ಜಾಸ್ತಿ. ಬೀಜ ಆಪರೇಷನ್ನಿಗೆ ಮೊದಲೇ ಅಲ್ಲಿ ಬಿದ್ದಿದ್ದಿರಬಹುದು. ಸರ್ಜನ್ ತಪ್ಪು, ಅಮ್ಮನ ಊಟದ ತಪ್ಪು ಅಂತ ಹುಡುಕಬೇಡಿ.

ಕಾಯುವುದಕ್ಕೂ ಈ ನಿಧಾನವೇ ಕಾರಣ. ಕೀಮೋ ಹೆಚ್ಚಾಗಿ ಹೊಡೆಯುವುದು ಬೇಗ ಬೇಗ ಒಡೆಯುವ ಕೋಶಗಳನ್ನು. ಇವು ಹಾಗಲ್ಲ, ಹಾಗಾಗಿ ಫಲ ಕಡಿಮೆ. ಲೆನ್ವಾಟಿನಿಬ್‌ನಂಥ ಮಾತ್ರೆ ಕೆಲವರಲ್ಲಿ ಗಂಟನ್ನು ಕುಗ್ಗಿಸುತ್ತದೆ, ಹೆಚ್ಚಿನವರಲ್ಲಿ ಬೆಳವಣಿಗೆಗೆ ತಡೆ ಹಾಕುತ್ತದೆ, ಅಷ್ಟೆ. ಬಿಪಿ ಏರುತ್ತದೆ, ಸುಸ್ತು ಬರುತ್ತದೆ. ಮನೆಗೆಲಸ ಮಾಡಿಕೊಂಡು ಸಂಜೆ ಕಹಳೆ ಬಂಡೆ ಪಾರ್ಕಿಗೆ ಹೋಗಿ ಬರುವ ಅಮ್ಮನಿಗೆ ಇವತ್ತೇ ಆ ಕಾಟ ಯಾಕೆ ಅನ್ನುವುದು ಡಾಕ್ಟರ ಲೆಕ್ಕ. ನನಗೂ ಅದು ಸರಿ ಅನ್ನಿಸುತ್ತದೆ.

ಆದರೆ ಎಲ್ಲರ ಗಂಟೂ ಸಾಧು ಅಲ್ಲ. ಹಳೆಯ ಬಯಾಪ್ಸಿ ರಿಪೋರ್ಟಿನಲ್ಲಿ ‘ಸಾಲಿಡ್’ ಅನ್ನುವ ಪದ ಇದೆಯಾ ನೋಡಿ. ಆ ಬಗೆ ಜಾಸ್ತಿ ಇದ್ದರೆ ವೇಗವೂ ಜಾಸ್ತಿ. ಗಂಟು ಒಂದೆರಡೇ ಇದ್ದರೆ ಆಪರೇಷನ್ ಅಥವಾ ಗುರಿಯಿಟ್ಟ ರೇಡಿಯೇಷನ್ ಆಗುತ್ತದಾ ಅಂತ ಕೇಳಿ. ಕೆಮ್ಮಿನಲ್ಲಿ ರಕ್ತ, ಉಸಿರಾಟದ ತೊಂದರೆ ಬಂದರೆ ನಾಲ್ಕು ತಿಂಗಳು ಕಾಯಬೇಡಿ, ತಕ್ಷಣ ಹೋಗಿ. ಇನ್ನೊಂದು ಮಾತು: ನಮ್ಮಲ್ಲಿ ಹಳೆಯ ಟಿಬಿ ಕಲೆಯೂ ಸ್ಕ್ಯಾನಿನಲ್ಲಿ ಗಂಟಿನಂತೆ ಕಾಣುವುದುಂಟು. ಇವು ಕ್ಯಾನ್ಸರಿನವೇ ಅಂತ ಹೇಗೆ ಗೊತ್ತಾಯಿತು, ಕೇಳಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಹೊಸೂರು ರಸ್ತೆಯ ಕಿದ್ವಾಯಿ ಇದೆ.

ಹಳೆಯ ಸ್ಕ್ಯಾನ್ ಸಿಡಿಗಳನ್ನು ಮಾತ್ರ ಎಸೆಯಬೇಡಿ. ಪ್ರತಿ ಸಲ ಹೋದ ಸಲದ್ದರ ಜೊತೆಗಷ್ಟೇ ಹೋಲಿಸಿದರೆ ‘ಬದಲಾವಣೆ ಇಲ್ಲ’ ಅಂತಲೇ ರಿಪೋರ್ಟ್ ಬರಬಹುದು. ಒಂದು ಮಿ.ಮೀ. ಯಾರ ಕಣ್ಣಿಗೆ ಬೀಳುತ್ತದೆ? ಎಲ್ಲಕ್ಕಿಂತ ಹಳೆಯ ಸಿಡಿಯನ್ನೂ ಕೊಟ್ಟು, ಅದರ ಜೊತೆ ಅಳೆದು ಹೇಳಿ ಅನ್ನಿ.