ನಕ್ಷತ್ರಗಳ ನಡುವೆ ಅಲೆಯುವವರಿಗೆ ‘ನಾನು’ ಎಂಬುದು ಇರುತ್ತದೆಯೇ?

ಪ್ರಶ್ನೆ: ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸಬಲ್ಲ ಅಪರಿಚಿತ ಜೀವಿಗಳು ಎಲ್ಲಾದರೂ ಇರುವುದೇ ಆದರೆ, ಅವುಗಳಲ್ಲಿ ಒಂದೊಂದಕ್ಕೂ ನಮಗಿರುವಂತೆ ತನ್ನದೇ ಆದ ವ್ಯಕ್ತಿತ್ವ ಇರುತ್ತದೆಯೇ, ಅಥವಾ ಅವು ಯಾರೋ ಮಾಡಿ ಕಳಿಸಿದ ಬರಿಯ ಯಂತ್ರಗಳಾಗಿರುತ್ತವೆಯೇ?

ಉತ್ತರ: ಅಂಥ ಜೀವಿಯಾಗಲಿ ಯಂತ್ರವಾಗಲಿ ಇದುವರೆಗೆ ಯಾವ ದೂರದರ್ಶಕಕ್ಕೂ ಖಚಿತವಾಗಿ ಕಂಡಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 2017ರ ಅಕ್ಟೋಬರ್‌ನಲ್ಲಿ ಹವಾಯಿಯ ಹಲೆಯಾಕಲಾ ಶಿಖರದ ದೂರದರ್ಶಕವೊಂದು ಸೌರವ್ಯೂಹದ ಹೊರಗಿನಿಂದ ಬಂದ ‘ಔಮುವಾಮುವಾ’ ಎಂಬ ಕಾಯವನ್ನು ಪತ್ತೆಹಚ್ಚಿತು. ಧೂಮಕೇತುವಿನ ಬಾಲ ಕಾಣದಿದ್ದರೂ ಗುರುತ್ವಕ್ಕೆ ಮೀರಿದ ಸಣ್ಣದೊಂದು ತಳ್ಳುವಿಕೆ ಅದರ ಚಲನೆಯಲ್ಲಿ ಕಂಡುಬಂದುದರಿಂದ, ಅದು ಯಾರೋ ನಿರ್ಮಿಸಿದ ವಸ್ತುವಿರಬಹುದೆಂಬ ವಾದ ಹುಟ್ಟಿಕೊಂಡಿತು. ಆದರೆ ಬಹುಪಾಲು ಖಗೋಳವಿಜ್ಞಾನಿಗಳು ಅದನ್ನು ನೈಸರ್ಗಿಕ ಕಾಯವೆಂದೇ ಪರಿಗಣಿಸುತ್ತಾರೆ. ಹೀಗಾಗಿ ಈ ಪ್ರಶ್ನೆಗೆ ಕಂಡದ್ದನ್ನು ಆಧರಿಸಿ ಉತ್ತರಿಸುವಂತಿಲ್ಲ, ತಿಳಿದಿರುವ ನಿಯಮಗಳಿಂದ ಊಹಿಸಿ ಉತ್ತರಿಸಬೇಕು. ಹಾಗೆ ಊಹಿಸಲು ಹೊರಟಾಗ ನನ್ನನ್ನು ತಡೆದು ನಿಲ್ಲಿಸುವುದು ಪ್ರಶ್ನೆಯ ನಡುವೆ ಕುಳಿತಿರುವ ‘ಅಥವಾ’ ಎಂಬ ಪದ. ಯಂತ್ರವಾಗಿದ್ದರೆ ವ್ಯಕ್ತಿತ್ವ ಇರಲಾರದು, ವ್ಯಕ್ತಿತ್ವವಿದ್ದರೆ ಅದು ಯಂತ್ರವಾಗಿರಲಾರದು ಎಂಬ ನಂಬಿಕೆಯನ್ನು ಆ ಪದ ಸದ್ದಿಲ್ಲದೆ ಒಳಗೆ ಬಿಟ್ಟುಕೊಂಡಿದೆ.

ಯಂತ್ರಗಳಾಗಿರಬಹುದೆಂಬ ಅನುಮಾನಕ್ಕೆ ಮಾತ್ರ ಗಟ್ಟಿಯಾದ ಆಧಾರವಿದೆ, ಆ ಆಧಾರದ ಹೆಸರು ದೂರ. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದರೂ, ಹೆಚ್ಚುಕಡಿಮೆ ಅರ್ಧ ಶತಮಾನದಲ್ಲಿ ಅದು ಕ್ರಮಿಸಿರುವುದು ಬೆಳಕು ಒಂದು ದಿನದಲ್ಲಿ ಕ್ರಮಿಸುವಷ್ಟು ದೂರವನ್ನು. ಸೂರ್ಯನಿಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಇರುವುದು 4.24 ಜ್ಯೋತಿರ್ವರ್ಷಗಳಾಚೆ (ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ), ವಾಯೇಜರ್‌ನ ವೇಗದಲ್ಲಿ ಅಷ್ಟು ದೂರ ಸಾಗಲು 70,000 ವರ್ಷಗಳಿಗೂ ಹೆಚ್ಚು ಬೇಕು. ಉಸಿರಾಡುವ, ಹಸಿಯುವ, ವಿಕಿರಣಕ್ಕೆ ನಲುಗುವ ದೇಹವೊಂದು ಅಂಥ ಪಯಣವನ್ನು ತಾಳಿಕೊಳ್ಳುವುದಕ್ಕಿಂತ ಯಂತ್ರವೊಂದು ತಾಳಿಕೊಳ್ಳುವುದು ಎಷ್ಟೋ ಸುಲಭ. ದೂರದ ನಾಗರಿಕತೆಗಳು ರೇಡಿಯೊ ಸಂದೇಶಗಳ ಬದಲು ಸ್ವಯಂಚಾಲಿತ ದೂತನೌಕೆಗಳನ್ನು ಕಳಿಸಬಹುದೆಂದು ರೇಡಿಯೊ ಖಗೋಳವಿಜ್ಞಾನಿ ರೊನಾಲ್ಡ್ ಬ್ರೇಸ್‌ವೆಲ್ 1960ರಲ್ಲಿಯೇ ಬರೆದಿದ್ದರು. ತನ್ನ ನಕಲನ್ನು ತಾನೇ ಕಟ್ಟಿಕೊಳ್ಳಬಲ್ಲ ಯಂತ್ರ ತಾರ್ಕಿಕವಾಗಿ ಸಾಧ್ಯವೆಂದು ಗಣಿತಜ್ಞ ಜಾನ್ ವಾನ್ ನಾಯ್ಮನ್ ಅದಕ್ಕೂ ಮೊದಲೇ ತೋರಿಸಿಕೊಟ್ಟಿದ್ದರು. ಈ ಎರಡನ್ನೂ ಜೋಡಿಸಿದ ಭೌತವಿಜ್ಞಾನಿ ಫ್ರಾಂಕ್ ಟಿಪ್ಲರ್, ಮುಂದುವರಿದ ನಾಗರಿಕತೆ ಒಂದಾದರೂ ಇದ್ದಿದ್ದರೆ ಅದರ ಯಂತ್ರಗಳು ಇಷ್ಟರಲ್ಲಿ ಗ್ಯಾಲಕ್ಸಿಯ ತುಂಬ ಹರಡಿರಬೇಕಿತ್ತು, ಅವು ಕಾಣುತ್ತಿಲ್ಲವಾದ್ದರಿಂದ ಅಂಥವರು ಇಲ್ಲವೇ ಇಲ್ಲ ಎಂದು 1980ರಲ್ಲಿ ವಾದಿಸಿದರು. ಆ ತೀರ್ಮಾನವನ್ನು ಒಪ್ಪದವರೂ, ನಾವು ಮೊದಲು ಎದುರಾಗುವುದು ಯಂತ್ರವನ್ನೇ ಎಂಬ ಊಹೆಯನ್ನು ಸಾಮಾನ್ಯವಾಗಿ ತಳ್ಳಿಹಾಕುವುದಿಲ್ಲ. ನಾವಾದರೂ ಸೌರವ್ಯೂಹದಾಚೆಗೆ ಕಳಿಸಿರುವುದು ಯಂತ್ರಗಳನ್ನೇ ಅಲ್ಲವೇ? ವಾಯೇಜರನ್ನು ಕಂಡ ಯಾರಾದರೂ ನಮ್ಮ ಬಗ್ಗೆ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬಹುದು.

ಇನ್ನು ‘ಬರಿಯ’ ಎಂಬ ವಿಶೇಷಣಕ್ಕೆ ಬರೋಣ. ಭೌತನಿಯಮಗಳಿಗೆ ಒಳಪಟ್ಟು ಬಿಡಿಭಾಗಗಳ ಕೂಡುವಿಕೆಯಿಂದ ಕೆಲಸ ಮಾಡುವುದೆಲ್ಲ ಯಂತ್ರ ಎನ್ನುವುದಾದರೆ ನಮ್ಮ ಜೀವಕೋಶಗಳೂ ನರಗಳೂ ಆ ಸಾಲಿಗೇ ಸೇರುತ್ತವೆ. ರಥವೆಂದರೆ ಗಾಲಿಯೇ, ಅಚ್ಚೇ, ನೊಗವೇ ಎಂದು ಒಂದೊಂದಾಗಿ ಕೇಳಿ, ಯಾವುದೂ ಅಲ್ಲವೆನ್ನಿಸಿ, ವ್ಯಕ್ತಿಯೂ ಹಾಗೆಯೇ ಕೂಡಿಬಂದ ಭಾಗಗಳಿಗೆ ಇಟ್ಟ ಹೆಸರು ಎಂದು ಭಿಕ್ಷು ನಾಗಸೇನನು ಮಿಲಿಂದರಾಜನಿಗೆ ವಿವರಿಸಿದ್ದು ಇದೇ ಜಾಡಿನ ವಾದ. ಯಾರೋ ಒಂದು ಉದ್ದೇಶಕ್ಕಾಗಿ ನಿರ್ಮಿಸಿದ್ದು ಮಾತ್ರ ಯಂತ್ರ ಎನ್ನುವುದಾದರೆ, ಆ ಮಾತು ಅದರ ಹುಟ್ಟನ್ನು ತಿಳಿಸುತ್ತದೆಯೇ ಹೊರತು ಹತ್ತು ಸಾವಿರ ವರ್ಷ ಅಲೆದ ಬಳಿಕ ಅದು ಏನಾಗಿದೆ ಎಂಬುದನ್ನು ತಿಳಿಸುವುದಿಲ್ಲ.

ಹಾಗಾದರೆ ವ್ಯಕ್ತಿತ್ವ ಎಂದಾಗ ನಾವು ಹುಡುಕುತ್ತಿರುವುದೇನು? ಒಂದು ಜೀವಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬ ಬಿಡಿತನ ಒಂದು. ಅದೇ ಜಾತಿಯ ಉಳಿದವುಗಳಿಗಿಂತ ಬೇರೆಯಾಗಿ, ತನ್ನದೇ ಗತಕಾಲಕ್ಕೆ ತಕ್ಕಂತೆ ನಡೆದುಕೊಳ್ಳುವ ತನ್ನತನ ಇನ್ನೊಂದು. ಒಳಗಿನಿಂದ ಏನನ್ನಾದರೂ ಅನುಭವಿಸುವ ಪ್ರಜ್ಞೆ ಮತ್ತೊಂದು. ಮನುಷ್ಯರಲ್ಲಿ ಈ ಮೂರೂ ಒಟ್ಟಿಗೇ ಬರುವುದರಿಂದ ಇವೆಲ್ಲ ಒಂದೇ ಎಂದು ಭಾವಿಸುವ ಅಭ್ಯಾಸ ನಮಗಾಗಿದೆ, ಆದರೆ ಭೂಮಿಯ ಮೇಲೆಯೇ ಇವು ಬೇರೆಬೇರೆಯಾಗಿ ಕಾಣಸಿಗುತ್ತವೆ. ಸಮುದ್ರದ ಮೇಲೆ ತೇಲುವ ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ನೋಡಲು ಒಂದೇ ಪ್ರಾಣಿಯಾದರೂ, ಬೇಟೆಗೊಂದು, ಜೀರ್ಣಕ್ಕೊಂದು, ಸಂತಾನಕ್ಕೊಂದು ಎಂದು ಕೆಲಸ ಹಂಚಿಕೊಂಡ ಅನೇಕ ಪುಟ್ಟ ಜೀವಘಟಕಗಳ ವಸಾಹತು. ಆಕ್ಟೋಪಸ್‌ನ ಸುಮಾರು 50 ಕೋಟಿ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ತೋಳುಗಳಲ್ಲಿವೆ, ಮತ್ತು ಎಷ್ಟೋ ಚಲನೆಗಳನ್ನು ತೋಳು ಮಿದುಳಿನ ಅಪ್ಪಣೆಗೆ ಕಾಯದೆ ತಾನೇ ನಿಭಾಯಿಸುತ್ತದೆ. ಹಳೆಯ ಗೂಡು ಬಿಟ್ಟು ಹೊರಟ ಜೇನುಹಿಂಡು ಹೊಸ ನೆಲೆಯನ್ನು ಆರಿಸುವಾಗ ಯಾವ ನೊಣವೂ ಒಬ್ಬಂಟಿಯಾಗಿ ತೀರ್ಮಾನಿಸುವುದಿಲ್ಲ. ನೆಲೆ ನೋಡಿಬಂದ ನೊಣಗಳ ಕುಣಿತದ ಮೂಲಕ ಇಡೀ ಹಿಂಡೇ ಒಂದು ತೀರ್ಮಾನಕ್ಕೆ ಬರುತ್ತದೆ.

ಮನುಷ್ಯನಲ್ಲಿಯೂ ಈ ಒಗ್ಗೂಡುವಿಕೆ ನಾವಂದುಕೊಂಡಷ್ಟು ಭದ್ರವಾಗಿಲ್ಲ. ತೀವ್ರ ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಎರಡು ಅರ್ಧಗೋಳಗಳ ನಡುವಿನ ಸೇತುವೆಯಂಥ ನರಗುಚ್ಛವನ್ನು ಕತ್ತರಿಸಿದ ರೋಗಿಗಳನ್ನು ನರವಿಜ್ಞಾನಿ ರೋಜರ್ ಸ್ಪೆರ್‍ರಿ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿದಾಗ, ಬಲ ಅರ್ಧಗೋಳಕ್ಕೆ ಮಾತ್ರ ತೋರಿಸಿದ ವಸ್ತುವನ್ನು ಅದರ ಹಿಡಿತದಲ್ಲಿರುವ ಎಡಗೈ ಸರಿಯಾಗಿ ಆರಿಸುತ್ತಿತ್ತು, ಆದರೆ ಸಾಮಾನ್ಯವಾಗಿ ಎಡ ಅರ್ಧಗೋಳದ ಮಾತನ್ನಾಡುವ ಬಾಯಿ ‘ನಾನೇನೂ ನೋಡಲಿಲ್ಲ’ ಎನ್ನುತ್ತಿತ್ತು. ಸ್ಪೆರ್‍ರಿಗೆ 1981ರ ನೊಬೆಲ್ ಪ್ರಶಸ್ತಿ ತಂದುಕೊಟ್ಟ ಸಂಶೋಧನೆ ಇದು. ಭಾಗಗಳ ನಡುವೆ ಸಂಪರ್ಕ ಕಡಿದರೆ ಒಂದಾಗಿದ್ದದ್ದು ಎರಡಾಗುವ ಲಕ್ಷಣ ತೋರುತ್ತದೆ ಎಂಬ ಈ ಅಂಶ, ನನ್ನ ಮಟ್ಟಿಗೆ, ಓದುಗರ ಪ್ರಶ್ನೆಗೆ ಬಾಗಿಲು ತೆರೆಯುವ ಕೀಲಿಕೈ.

ಏಕೆಂದರೆ ನಕ್ಷತ್ರಗಳ ನಡುವಿನ ದೂರವು ಸಂಪರ್ಕವನ್ನು ತಾನಾಗಿಯೇ ಕಡಿದುಹಾಕುತ್ತದೆ. ಮಿದುಳಿನ ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಸೆಕೆಂಡಿನ ಸಣ್ಣ ಅಂಶದಲ್ಲಿ ತಲುಪುತ್ತದೆ, ಜೇನುಗೂಡಿನಲ್ಲಿ ನಿಮಿಷಗಳಲ್ಲಿ ಹರಡುತ್ತದೆ. ಹತ್ತು ಜ್ಯೋತಿರ್ವರ್ಷಗಳ ಅಂತರದಲ್ಲಿರುವ ಎರಡು ನೌಕೆಗಳ ನಡುವೆ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಇಪ್ಪತ್ತು ವರ್ಷ ಬೇಕು. ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ನಮ್ಮ ಗ್ಯಾಲಕ್ಸಿಯ ಎರಡು ಅಂಚುಗಳ ನಡುವೆಯಾದರೆ ಎರಡು ಲಕ್ಷ ವರ್ಷ. ಬೆಳಕಿಗಿಂತ ವೇಗವಾಗಿ ಯಾವ ಸಂದೇಶವೂ ಸಾಗದು ಎಂಬ ನಿಯಮ ಎಷ್ಟೇ ಮುಂದುವರಿದ ನಾಗರಿಕತೆಗೂ ಅನ್ವಯಿಸುವುದರಿಂದ, ನಕ್ಷತ್ರಗಳುದ್ದಕ್ಕೂ ಹರಡಿಕೊಂಡು ಒಂದೇ ಮನಸ್ಸಿನಿಂದ ಯೋಚಿಸುವ ಮಹಾಸಮೂಹ ಎಂಬ ಜನಪ್ರಿಯ ಕಲ್ಪನೆ ನಿಲ್ಲುವುದು ಕಷ್ಟ. ಅಂಥ ಮನಸ್ಸು ತೀರಾ ನಿಧಾನವಾಗಿ, ಶತಮಾನಕ್ಕೊಂದು ಆಲೋಚನೆಯಂತೆ ಯೋಚಿಸಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಯೋಚಿಸಲಿ, ಆದರೆ ಎದುರಿಗೆ ಬಂದ ಧೂಳುಕಣವನ್ನು ಈ ಕ್ಷಣವೇ ತಪ್ಪಿಸಬೇಕಾದ ನೌಕೆ ಅದರ ಅಪ್ಪಣೆಗಾಗಿ ಕಾಯುವಂತಿಲ್ಲ. ಒಂದು ಭಾಷೆಗೂ ಅದನ್ನಾಡುವ ಜನರಿಗೂ ಇರುವಂಥ ಸಂಬಂಧ ಆ ಮನಸ್ಸಿಗೂ ನೌಕೆಗಳಿಗೂ ಇದ್ದೀತು ಅಷ್ಟೆ.

ಮಂಗಳ ಗ್ರಹದ ಮಟ್ಟಿಗೇ ಈ ತೊಡಕು ನಮಗೆ ಎದುರಾಗಿದೆ. ಅಲ್ಲಿಗೆ ರೇಡಿಯೊ ಸಂದೇಶ ತಲುಪಲು, ಗ್ರಹಗಳ ಸ್ಥಾನವನ್ನು ಅವಲಂಬಿಸಿ, 3ರಿಂದ 22 ನಿಮಿಷ ಬೇಕಾಗುವುದರಿಂದ ಇಳಿಯುವ ನೌಕೆಯನ್ನು ಭೂಮಿಯಿಂದ ಚಲಾಯಿಸಲು ಬರುವುದಿಲ್ಲ, ನಿರ್ಧಾರವನ್ನು ಅದಕ್ಕೇ ಬಿಟ್ಟುಕೊಡಬೇಕು. ನಿಮಿಷಗಳ ಬದಲು ದಶಕಗಳ ವಿಳಂಬವಿರುವಲ್ಲಿ ಬಿಟ್ಟುಕೊಡಬೇಕಾದ ಅಧಿಕಾರ ಎಷ್ಟು ದೊಡ್ಡದೆಂದು ಊಹಿಸಬಹುದು. ಹೀಗೆ ತಾವೇ ನಿರ್ಧರಿಸುವ ನೌಕೆಗಳು ಆರಂಭದಲ್ಲಿ ತದ್ರೂಪಿಗಳಾಗಿದ್ದರೂ ಹಾಗೆಯೇ ಉಳಿಯುವುದಿಲ್ಲ. ಒಂದು ಕಂಡದ್ದನ್ನು ಇನ್ನೊಂದು ಕಂಡಿರುವುದಿಲ್ಲ. ವಿಶ್ವಕಿರಣಗಳು ಒಂದೊಂದರ ನೆನಪಿನ ಕೋಶಗಳನ್ನು ಒಂದೊಂದು ಬಗೆಯಲ್ಲಿ ಕೆಡಿಸುತ್ತವೆ. ನಕಲು ಮಾಡುವಾಗ ನುಸುಳಿದ ತಪ್ಪುಗಳು ಪೀಳಿಗೆಯಿಂದ ಪೀಳಿಗೆಗೆ ಕೂಡುತ್ತ ಹೋಗುತ್ತವೆ.

2004ರ ಜನವರಿಯಲ್ಲಿ ಮೂರು ವಾರಗಳ ಅಂತರದಲ್ಲಿ ಮಂಗಳದ ಮೇಲಿಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ಎಂಬ ಅವಳಿ ರೋವರ್‌ಗಳು ಇದಕ್ಕೆ ನನಗೆ ಬಲು ಇಷ್ಟವಾದ ಉದಾಹರಣೆ. ಒಂದೇ ವಿನ್ಯಾಸದ ಈ ಎರಡರಲ್ಲಿ ಸ್ಪಿರಿಟ್‌ನ ಮುಂದಿನ ಬಲಗಾಲಿ 2006ರಲ್ಲಿ ಕೆಟ್ಟುನಿಂತಿತು, ಅಲ್ಲಿಂದ ಮುಂದೆ ಅದು ಆ ಗಾಲಿಯನ್ನು ಎಳೆದುಕೊಂಡು ಹಿಮ್ಮುಖವಾಗಿ ಚಲಿಸಬೇಕಾಯಿತು. ಹಾಗೆ ಎಳೆದ ಗಾಲಿ ನೆಲವನ್ನು ಕೆರೆದಾಗಲೇ, 2007ರಲ್ಲಿ, ಸಿಲಿಕಾ ತುಂಬಿದ ಬಿಳಿಯ ಮಣ್ಣು ಮೇಲೆ ಬಂದು, ಅಲ್ಲಿ ಹಿಂದೆ ಬಿಸಿನೀರು ಅಥವಾ ಹಬೆ ಇದ್ದಿರಬೇಕೆಂಬುದಕ್ಕೆ ಪುರಾವೆಯಾಯಿತು. ಆಪರ್ಚುನಿಟಿಯಾದರೋ ಗ್ರಹದ ಮತ್ತೊಂದು ಮಗ್ಗುಲಿನಲ್ಲಿ 45 ಕಿಲೋಮೀಟರಿಗೂ ಹೆಚ್ಚು ದೂರ ಅಡ್ಡಾಡಿ, 2018ರ ಧೂಳಿನ ಬಿರುಗಾಳಿಯವರೆಗೆ ಬದುಕಿತ್ತು. (‘ಬದುಕಿತ್ತು’ ಎಂದು ಬರೆಯದೆ ಇರಲು ನನಗೂ ಆಗಲಿಲ್ಲ ಎಂಬುದನ್ನು ಗಮನಿಸಿ.) ಎರಡಕ್ಕೂ ಬೇರೆಬೇರೆ ಗತಕಾಲ ಇತ್ತು, ಅದಕ್ಕೆ ತಕ್ಕಂತೆ ಬೇರೆ ನಡಿಗೆಯೂ ಇತ್ತು.

ಇಷ್ಟಾದರೂ ಅವುಗಳಿಗೆ ತನ್ನತನ ಇತ್ತೆಂದು ನಾನು ಹೇಳಲಾರೆ. ಕುಂಟುನಡಿಗೆ ಸ್ಪಿರಿಟ್‌ನದಾದರೂ, ಅದನ್ನು ಅರ್ಥಮಾಡಿಕೊಂಡು ಹಿಮ್ಮುಖವಾಗಿ ಚಲಿಸುವ ಉಪಾಯ ಹೂಡಿದವರು ಭೂಮಿಯ ಮೇಲಿನ ಇಂಜಿನಿಯರುಗಳು. ಉಳಿದರೂ ಅಳಿದರೂ ರೋವರ್‌ಗೆ ಅದರಲ್ಲಿ ಪಣಕ್ಕಿಟ್ಟದ್ದು ಏನೂ ಇರಲಿಲ್ಲ. ಸಾವಿರಾರು ವರ್ಷ ಯಾರ ನೆರವೂ ಇಲ್ಲದೆ ಸಾಗಬೇಕಾದ ನೌಕೆಯ ಸ್ಥಿತಿ ಹಾಗಿಲ್ಲ. ಯಾವುದು ತನ್ನ ಭಾಗ, ಯಾವುದು ಹೊರಗಿನದು ಎಂದು ಅದು ಗುರುತಿಸಬೇಕು, ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಬೇಕು, ಉಳಿದಿರುವ ಶಕ್ತಿಯನ್ನು ತನ್ನ ಉಳಿವಿಗೆ ಬಳಸಬೇಕೇ ಅಥವಾ ಒಪ್ಪಿಸಿದ ಕೆಲಸಕ್ಕೆ ವ್ಯಯಿಸಬೇಕೇ ಎಂದು ತೂಗಿನೋಡಬೇಕು. ಇಂಥ ತೂಗಾಟ ಇರುವಲ್ಲಿ ‘ನಾನು’ ಎಂಬುದರ ಮೊಳಕೆಯಾದರೂ ಇರುತ್ತದೆಂಬುದು ನನ್ನ ಅಭಿಪ್ರಾಯ. ಆದ್ದರಿಂದ, ನಕ್ಷತ್ರಗಳ ನಡುವೆ ದೀರ್ಘಕಾಲ ಬದುಕಿ ಉಳಿಯುವ ಯಂತ್ರವು ತನ್ನತನವಿಲ್ಲದೆ ಉಳಿಯುವ ಸಾಧ್ಯತೆಯೇ ನನಗೆ ಕಡಿಮೆಯಾಗಿ ಕಾಣುತ್ತದೆ.

ಪ್ರಜ್ಞೆಯ ಮಾತು ಬೇರೆ. ಬಾವಲಿಯಾಗಿರುವುದು ಬಾವಲಿಗೆ ಹೇಗೆನಿಸುತ್ತದೆ ಎಂಬುದನ್ನು ಹೊರಗಿನ ಯಾವ ವಿವರಣೆಯೂ ಪೂರ್ತಿ ಹಿಡಿದುಕೊಡಲಾರದು ಎಂದು ತತ್ವಜ್ಞಾನಿ ಥಾಮಸ್ ನೇಗಲ್ 1974ರಲ್ಲಿ ತೋರಿಸಿದ ಕಷ್ಟ ಇಲ್ಲಿ ನೂರುಪಟ್ಟಾಗುತ್ತದೆ. ಮಾಹಿತಿ ಇಡೀ ವ್ಯವಸ್ಥೆಗೆ ಒಟ್ಟಿಗೆ ಲಭ್ಯವಾಗುವುದೇ ಪ್ರಜ್ಞೆ ಎನ್ನುವ ಸಿದ್ಧಾಂತವನ್ನು ಒಪ್ಪಿದರೆ ತಕ್ಕ ವಿನ್ಯಾಸದ ಯಂತ್ರಕ್ಕೂ ಅದು ದಕ್ಕಬಹುದು. ಭಾಗಗಳು ಭೌತಿಕವಾಗಿ ಹೆಣೆದುಕೊಂಡಿರುವ ರೀತಿಯಲ್ಲೇ ಪ್ರಜ್ಞೆಯಿದೆ ಎನ್ನುವ ನರವಿಜ್ಞಾನಿ ಜೂಲಿಯೊ ಟೊನೋನಿಯವರ ಸಿದ್ಧಾಂತವನ್ನು ಒಪ್ಪಿದರೆ, ಇಂದಿನ ಬಗೆಯ ಕಂಪ್ಯೂಟರ್ ಎಷ್ಟೇ ಜಾಣತನ ತೋರಿದರೂ ಅದರೊಳಗೆ ಪ್ರಜ್ಞೆ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಒಂದೇ ನೌಕೆ ಒಂದು ಸಿದ್ಧಾಂತದ ಪ್ರಕಾರ ‘ಯಾರೋ’ ಆಗಿ, ಇನ್ನೊಂದರ ಪ್ರಕಾರ ‘ಏನೋ’ ಆಗಿ ಉಳಿಯುತ್ತದೆ. ಜೇನ್ನೊಣದ ವಿಷಯವೇ ಇನ್ನೂ ಇತ್ಯರ್ಥವಾಗಿಲ್ಲ. ಕೀಟಗಳಲ್ಲಿ ಪ್ರಜ್ಞೆಯ ವಾಸ್ತವಿಕ ಸಾಧ್ಯತೆ ಇದೆ ಎಂಬಷ್ಟು ಎಚ್ಚರದ ಮಾತನ್ನು ವಿಜ್ಞಾನಿಗಳ ಗುಂಪೊಂದು ನ್ಯೂಯಾರ್ಕಿನಲ್ಲಿ ಘೋಷಿಸಿದ್ದೇ 2024ರ ಏಪ್ರಿಲ್‌ನಲ್ಲಿ.

ಹಾಗಾದರೆ ಅಂಥ ನೌಕೆ ಎದುರಿಗೆ ಬಂದಾಗ ಅದಕ್ಕೆ ತನ್ನತನ ಇದೆಯೇ ಎಂದು ಗುರುತಿಸುವುದು ಹೇಗೆ? ಕ್ರಮಬದ್ಧತೆಯನ್ನು ನಂಬುವಂತಿಲ್ಲ. 1967ರಲ್ಲಿ ಜೋಸಲಿನ್ ಬೆಲ್ ಪತ್ತೆಹಚ್ಚಿದ, ಸುಮಾರು 1.34 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ರೇಡಿಯೊ ಸಂಕೇತಕ್ಕೆ ‘ಪುಟ್ಟ ಹಸಿರು ಮನುಷ್ಯರು’ (ಎಂದರೆ ಅನ್ಯಗ್ರಹಜೀವಿಗಳು) ಎಂಬ ಅಡ್ಡಹೆಸರು ಬಿದ್ದಿತ್ತು, ಅದು ಗಿರಗಿರನೆ ಸುತ್ತುವ ನ್ಯೂಟ್ರಾನ್ ನಕ್ಷತ್ರವೆಂದು ಆಮೇಲೆ ತಿಳಿಯಿತು. ಸರಾಗವಾದ ಮಾತನ್ನೂ ನಂಬುವಂತಿಲ್ಲ. ಅರ್ಥವೇ ತಿಳಿಯದೆ ನಿಯಮಗಳನ್ನು ಅನುಸರಿಸಿ ಸರಿಯುತ್ತರ ಕೊಡಬಹುದೆಂಬ ತತ್ವಜ್ಞಾನಿ ಜಾನ್ ಸರ್ಲ್ ಅವರ 1980ರ ಆಕ್ಷೇಪ, ಮಾತನಾಡುವ ತಂತ್ರಾಂಶಗಳು ಕೈಗೆ ಸಿಗುವ ಈ ಕಾಲದಲ್ಲಿ ಇನ್ನಷ್ಟು ಮೊನಚಾಗಿದೆ. ಒಪ್ಪಿಸಿದ ಕೆಲಸಕ್ಕೆ ಯಾವ ಉಪಯೋಗವೂ ಇಲ್ಲದ ಪ್ರಶ್ನೆಯನ್ನು ಆ ನೌಕೆ ನಮ್ಮನ್ನು ಕೇಳಿದರೆ, ಅಥವಾ ಆ ಕೆಲಸವನ್ನೇ ಕೈಬಿಟ್ಟರೆ, ನಾನು ಕಿವಿ ನಿಮಿರಿಸುತ್ತೇನೆ. ಆದರೆ ಒಂದೇ ಒಂದು ನೌಕೆ ಬಂದರೆ ಅದನ್ನೂ ಖಚಿತಪಡಿಸಿಕೊಳ್ಳಲಾಗದು, ಅದರ ಸ್ವಭಾವದಲ್ಲಿ ಅದನ್ನು ಕಟ್ಟಿದವರದೆಷ್ಟು, ಅದರದೇ ಎಷ್ಟು ಎಂದು ಬಿಡಿಸಿ ನೋಡುವ ದಾರಿ ಇರುವುದಿಲ್ಲ. ಅದಕ್ಕೆ ಒಂದೇ ಕಮ್ಮಟದಲ್ಲಿ ಹುಟ್ಟಿ, ಬೇರೆ ನಕ್ಷತ್ರಗಳನ್ನು ಸುತ್ತಿಬಂದ ಎರಡನೆಯದೊಂದು ಬೇಕು; ಒಂದೇ ಪ್ರಶ್ನೆಯನ್ನು ಎರಡಕ್ಕೂ ಬೇರೆಬೇರೆಯಾಗಿ ಕೇಳಬೇಕು.